ಮೀಸೆ ಮಣ್ಣಾಯಿತೆಂದು ಒಪ್ಪಿಕೊಳ್ಳುವ ಬಗೆ: ಸೋತ ಬಾಕ್ಸರ್‌ಗೂ ಅವರ ಕೋಚ್‌ಗೂ ಒಂದು ಕೈಪಿಡಿ

2004ರ ಮೇ 15ರಂದು ಲಾಸ್ ವೇಗಸ್‌ನ ರಿಂಗ್‌ನ ನಡುವೆ ರೆಫರಿ ಜೇ ನ್ಯಾಡಿ ಇಬ್ಬರೂ ಬಾಕ್ಸರ್‌ಗಳಿಗೆ ನಿಯಮಗಳನ್ನು ಹೇಳಿ, ಏನಾದರೂ ಕೇಳುವುದಿದೆಯೇ ಎಂದು ವಾಡಿಕೆಯಂತೆ ವಿಚಾರಿಸಿದರು. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಅಂದು ಆಂಟೋನಿಯೊ ಟಾರ್ವರ್ ಕೇಳಿದರು: "ಇವತ್ತು ಏನಾದರೂ ನೆಪ ಇದೆಯೇ, ರಾಯ್?" ಎದುರಿಗಿದ್ದ ರಾಯ್ ಜೋನ್ಸ್ ಜೂನಿಯರ್ ಆರು ತಿಂಗಳ ಹಿಂದೆ ಇದೇ ಟಾರ್ವರ್ ಅವರನ್ನು ಬಹುಮತದ ತೀರ್ಪಿನಲ್ಲಿ ಪ್ರಯಾಸದಿಂದ ಸೋಲಿಸಿದ್ದರು. ಹೆವಿವೇಟ್‌ನಿಂದ ಲೈಟ್ ಹೆವಿವೇಟ್‌ಗೆ ತೂಕ ಇಳಿಸಿದ್ದರಿಂದ ಶಕ್ತಿ ಕುಂದಿತ್ತು ಎಂಬ ವಿವರಣೆ ಆ ಗೆಲುವಿನ ಬೆನ್ನಿಗೇ ಬಂದಿತ್ತು. ಅದು ಸುಳ್ಳಾಗಿರಲಿಲ್ಲ; 2003ರ ಮಾರ್ಚ್‌ನಲ್ಲಿ ಹೆವಿವೇಟ್ ಪ್ರಶಸ್ತಿ ಗೆದ್ದ ದೇಹವನ್ನು ಅದೇ ವರ್ಷದ ನವೆಂಬರ್ ಹೊತ್ತಿಗೆ 175 ಪೌಂಡ್‌ಗೆ ಇಳಿಸುವುದು ಹುಡುಗಾಟದ ಮಾತಲ್ಲ. ಆದರೂ ಮರುಪಂದ್ಯದ ಎರಡನೇ ಸುತ್ತಿನಲ್ಲಿ ಟಾರ್ವರ್ ಅವರ ಎಡಗೈ ಏಟಿಗೆ ಜೋನ್ಸ್ ನೆಲಕ್ಕುರುಳಿದರು.

ನಿಜವಾದ ಕಾರಣವೂ ಬಾಕ್ಸರ್‌ಗೆ ಹಾನಿ ಮಾಡಬಲ್ಲದು ಎಂಬುದನ್ನು ಗಮನಿಸಬೇಕು. ಮೊದಲ ಪಂದ್ಯದ ತೊಂದರೆಯೆಲ್ಲ ತೂಕದಿಂದ ಬಂದದ್ದು ಎಂದು ನಂಬಿದವರಿಗೆ, ಎದುರಾಳಿಯ ಎಡಗೈ ಯಾವ ಕೋನದಿಂದ ಬರುತ್ತದೆ ಎಂದು ನೋಡುವ ಅಗತ್ಯವೇ ಕಾಣುವುದಿಲ್ಲ. ಈ ಬರಹದ ವಾದ ಇಷ್ಟು: ಸೋಲನ್ನು ಘನತೆಯಿಂದ ಒಪ್ಪುವುದು ಹುಟ್ಟುಗುಣವಲ್ಲ, ಮುಂದಿರುವ ಕೈಯಿಂದ ನೇರವಾಗಿ ಹೊಡೆಯುವ ಜ್ಯಾಬ್ ಏಟಿನಂತೆಯೇ ಅಭ್ಯಾಸದಿಂದ ಕೂಡಿಬರುವ ಕೌಶಲ. ಅದರ ತಯಾರಿ ಸೋಲುವುದಕ್ಕೆ ಮೊದಲೇ ಆಗಬೇಕು.

ನೆಪ ಹೇಳುವ ಚಾಳಿ ಎಲ್ಲಿಂದ ಬರುತ್ತದೆ

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವು ಸೋತವನ ಹುಸಿ ಜಂಬವನ್ನು ಗೇಲಿ ಮಾಡಲು ಬಳಸುತ್ತೇವೆ. ಗೇಲಿ ಮಾಡುವುದು ಸುಲಭ. ಆದರೆ ಜಟ್ಟಿಗೆ ಆ ಮೀಸೆ ಏಕೆ ಅಷ್ಟು ಮುಖ್ಯ ಎಂದು ತಿಳಿಯದೆ ಅವನನ್ನು ತಿದ್ದಲಾಗದು. ತಂಡದ ಆಟದಲ್ಲಿ ಸೋಲು ಹತ್ತಾರು ಜನರ ನಡುವೆ ಹಂಚಿಹೋಗುತ್ತದೆ. ಬಾಕ್ಸಿಂಗ್‌ನಲ್ಲಿ ಹಂಚಿಕೊಳ್ಳಲು ಯಾರೂ ಇಲ್ಲ, ಬ್ಯಾಟು, ಚೆಂಡು, ವಾಹನದಂತಹ ಸಲಕರಣೆಯೂ ಇಲ್ಲ. ಪ್ರಖರ ಬೆಳಕಿನಡಿ, ಸಾವಿರಾರು ಕಣ್ಣುಗಳ ಮುಂದೆ, ಇನ್ನೊಬ್ಬ ಮನುಷ್ಯನ ದೇಹ ತನ್ನ ದೇಹಕ್ಕಿಂತ ಮೇಲು ಎಂದು ಸಾಬೀತಾಗುವ ಅನುಭವವದು. ಅದನ್ನು ಅರಗಿಸಿಕೊಳ್ಳುವುದು ಯಾರಿಗಾದರೂ ಕಷ್ಟ.

ಇದಕ್ಕೆ ನಂಬಿಕೆಯ ಸಮಸ್ಯೆಯೂ ಸೇರಿಕೊಳ್ಳುತ್ತದೆ. ದೊಡ್ಡ ಪಂದ್ಯವೊಂದಕ್ಕೆ ಎಂಟರಿಂದ ಹನ್ನೆರಡು ವಾರಗಳ ಶಿಬಿರ ನಡೆಯುತ್ತದೆ. ಅಷ್ಟೂ ದಿನ ಸುತ್ತಲಿನವರೆಲ್ಲ ನಿನ್ನನ್ನು ಸೋಲಿಸುವವರಿಲ್ಲ ಎಂದು ಹೇಳುತ್ತಾರೆ, ಹೇಳಲೇಬೇಕು ಕೂಡ; ಅನುಮಾನ ಹೊತ್ತು ರಿಂಗ್ ಹತ್ತುವ ಬಾಕ್ಸರ್ ಒಂದು ಕ್ಷಣ ತಡವಾಗಿ ಬಗ್ಗುತ್ತಾನೆ. ಕೊನೆಯ ಗಂಟೆ ಬಾರಿಸಿದ ಮಾತ್ರಕ್ಕೆ ಆ ನಂಬಿಕೆ ಇಳಿಯುವುದಿಲ್ಲ. "ನಾನು ಸೋಲುವವನಲ್ಲ" ಮತ್ತು "ನಾನು ಸೋತೆ" ಎಂಬ ಎರಡು ಸಂಗತಿಗಳು ಮನಸ್ಸಿನಲ್ಲಿ ಒಟ್ಟಿಗೆ ಇರಲು ಒಪ್ಪದಿದ್ದಾಗ ಮೂರನೆಯದೊಂದು ಹುಟ್ಟಿಕೊಳ್ಳುತ್ತದೆ: "ಇವತ್ತು ರಿಂಗ್‌ನಲ್ಲಿ ಇದ್ದದ್ದು ನಿಜವಾದ ನಾನಲ್ಲ."

ಈ ಮೂರನೆಯ ಮಾತಿಗೆ ಸಾಮಗ್ರಿ ಎಂದೂ ಕಡಿಮೆಯಿಲ್ಲ. ವಾರಗಟ್ಟಲೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿದ ಮೇಲೆ ಪೂರ್ತಿ ಆರೋಗ್ಯವಂತನಾಗಿ ರಿಂಗ್ ಹತ್ತುವವರು ಅಪರೂಪ. ಮಣಿಕಟ್ಟು ನೋಯುತ್ತಿರುತ್ತದೆ, ಪಕ್ಕೆಲುಬು ಹಿಡಿದಿರುತ್ತದೆ, ಕೆಮ್ಮು ಬಿಟ್ಟಿರುವುದಿಲ್ಲ. ಗೆದ್ದರೆ ಅದೇ ನೋವು ಸಾಹಸದ ಕಥೆಯಾಗುತ್ತದೆ, ಸೋತರೆ ನೆಪವಾಗುತ್ತದೆ. 2011ರ ಜುಲೈ 2ರಂದು ಹ್ಯಾಂಬರ್ಗ್‌ನಲ್ಲಿ ವ್ಲಾಡಿಮಿರ್ ಕ್ಲಿಚ್ಕೊ ಎದುರು ಸರ್ವಾನುಮತದ ತೀರ್ಪಿನಲ್ಲಿ ಸೋತ ಡೇವಿಡ್ ಹೇ, ಪತ್ರಿಕಾಗೋಷ್ಠಿಯಲ್ಲಿ ಮೇಜಿನ ಮೇಲೆ ಹತ್ತಿ ನಿಂತು ತಮ್ಮ ಕಾಲಿನ ಮುರಿದ ಕಿರುಬೆರಳನ್ನು ತೋರಿಸಿದರು. ಬೆರಳು ನೊಂದಿದ್ದಿರಬಹುದು. ಆದರೆ ತಿಂಗಳುಗಟ್ಟಲೆ ಎದುರಾಳಿಯನ್ನು ಹೀಯಾಳಿಸಿದ್ದ ಬಾಕ್ಸರ್ ಕಾಲ್ಬೆರಳು ತೋರಿಸಿದ ಆ ದೃಶ್ಯ, ಅವರು ಗೆದ್ದ ಪ್ರಶಸ್ತಿಗಳಿಗಿಂತ ಹೆಚ್ಚು ಕಾಲ ಜನರ ನೆನಪಿನಲ್ಲಿ ಉಳಿಯಿತು.

ಹಣದ ಲೆಕ್ಕವೂ ಇದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ದಾಖಲೆಯ ಸೋಲಿನ ಕಲಮಿನಲ್ಲಿರುವ ಸೊನ್ನೆಗೆ ಬೆಲೆಯಿದೆ, ಮತ್ತು ಆ ಸೊನ್ನೆ ಹೋದ ಮೇಲೆ ಮರುಪಂದ್ಯವನ್ನು ಮಾರಬೇಕಾದರೆ ಮೊದಲ ಫಲಿತಾಂಶ ಆಕಸ್ಮಿಕವೆಂದು ಜನರಿಗೆ ಅನ್ನಿಸಬೇಕು. ಇನ್ನು, ಸತ್ಯ ಹೇಳಬೇಕಾದ ಕೋಚ್‌ಗೆ ಸಂಭಾವನೆ ಕೊಡುವವರು ಸ್ವತಃ ಬಾಕ್ಸರ್. ಪಂದ್ಯದ ಹಣದಲ್ಲಿ ಸುಮಾರು ಹತ್ತನೇ ಒಂದು ಪಾಲು ಅವರಿಗೆ ಹೋಗುವುದು ರೂಢಿ. ಅನ್ನ ಕೊಡುವವರಿಗೆ ಕಹಿ ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಕೊನೆಯದಾಗಿ, ತಲೆಗೆ ಬಿದ್ದ ಏಟು. ನಾಕೌಟ್ ಆದವರಿಗೆ ಆ ಕೆಲವು ಕ್ಷಣಗಳ ನೆನಪೇ ಇಲ್ಲದಿರುವುದುಂಟು. "ನನಗೇನೂ ಆಗಿರಲಿಲ್ಲ, ರೆಫರಿ ಅವಸರದಿಂದ ನಿಲ್ಲಿಸಿದರು" ಎನ್ನುವ ಬಾಕ್ಸರ್ ಎಷ್ಟೋ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಅವರ ಮಿದುಳು ದಾಖಲಿಸಿಕೊಂಡಷ್ಟರ ಮಟ್ಟಿಗೆ ಅದು ನಿಜ.

ಪಂದ್ಯಕ್ಕೆ ಮೊದಲು ಮಾಡಬೇಕಾದದ್ದು

ನೆಪ ಸೋತ ಮೇಲೆ ಹುಟ್ಟುತ್ತದೆ ಎಂದು ನಾವು ತಿಳಿದಿರುತ್ತೇವೆ. 1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ವ್ಯತಿರಿಕ್ತವಾದ ಒಂದು ವರ್ತನೆಯನ್ನು ವಿವರಿಸಿದರು: ಸೋಲಿನ ಭಯವಿರುವ ಮನುಷ್ಯ ತನಗೆ ತಾನೇ ಮುಂಚಿತವಾಗಿ ಒಂದು ಅಡ್ಡಿಯನ್ನು ತಂದುಕೊಳ್ಳುತ್ತಾನೆ; ಸೋತರೆ ದೋಷ ಅಡ್ಡಿಯದಾಗುತ್ತದೆ, ಗೆದ್ದರೆ ಅಡ್ಡಿಯಿದ್ದೂ ಗೆದ್ದ ಕೀರ್ತಿ ಬರುತ್ತದೆ. ಬೆಳಗಿನ ಓಟ ತಪ್ಪಿಸುವುದು, ತೂಕವನ್ನು ಕೊನೆಯ ವಾರಕ್ಕೆ ಬಿಡುವುದು, ಶಿಬಿರದ ನಡುವೆ ಕೋಚ್ ಜೊತೆ ಜಗಳ ತೆಗೆಯುವುದು, ಇವೆಲ್ಲ ಬರೀ ಸೋಮಾರಿತನವೆಂದು ಕಾಣುತ್ತವೆ. ಅನುಭವಿ ಕೋಚ್ ಇವುಗಳನ್ನು ಭಯದ ಲಕ್ಷಣವೆಂದು ಓದುತ್ತಾರೆ. ಶಿಷ್ಯನಲ್ಲಿ ಇಂಥದ್ದು ಕಂಡರೆ ಬೈಯುವುದರ ಬದಲು, ಈ ಎದುರಾಳಿಯ ಯಾವ ಏಟಿಗೆ ಹೆದರಿಕೆ ಎಂದು ನೇರವಾಗಿ ಕೇಳಿ, ಆ ಏಟಿನ ಮೇಲೆ ಕೆಲಸ ಶುರುಮಾಡಿ.

ಗಾಯದ ವಿಷಯದಲ್ಲಿ ನಿಯಮ ಕಟ್ಟುನಿಟ್ಟಾಗಿರಲಿ. ಪಂದ್ಯಕ್ಕೆ ಮೊದಲು ವೈದ್ಯರಿಗೆ ಹೇಳದ ಗಾಯವನ್ನು ಪಂದ್ಯದ ನಂತರ ಯಾರಿಗೂ ಹೇಳಬಾರದು. 2015ರ ಮೇ 2ರಂದು ಫ್ಲಾಯ್ಡ್ ಮೇವೆದರ್ ಎದುರು ಸೋತ ಮ್ಯಾನಿ ಪ್ಯಾಕಿಯಾವ್ ತಮ್ಮ ಬಲ ಭುಜಕ್ಕೆ ಮೊದಲೇ ಪೆಟ್ಟಾಗಿತ್ತೆಂದು ತಿಳಿಸಿದರು. ಗಾಯ ನಿಜವಾಗಿತ್ತು, ಕೆಲವೇ ದಿನಗಳಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಆದರೆ ಪಂದ್ಯಪೂರ್ವ ವೈದ್ಯಕೀಯ ಅರ್ಜಿಯಲ್ಲಿ ಭುಜದ ಗಾಯದ ಬಗೆಗಿನ ಪ್ರಶ್ನೆಗೆ "ಇಲ್ಲ" ಎಂದು ಗುರುತು ಹಾಕಲಾಗಿತ್ತು. ಅದೇ ಕಾರಣಕ್ಕೆ ಪಂದ್ಯದ ರಾತ್ರಿ ಕೇಳಿದ ಉರಿಯೂತ ಶಮನದ ಚುಚ್ಚುಮದ್ದಿಗೆ ಪಂದ್ಯದ ಉಸ್ತುವಾರಿ ಹೊತ್ತ ನೆವಾಡಾ ರಾಜ್ಯದ ಕ್ರೀಡಾ ಆಯೋಗ ಅನುಮತಿ ನಿರಾಕರಿಸಿತ್ತು. ಹಣ ಕೊಟ್ಟು ಪಂದ್ಯ ನೋಡಿದ ಅಭಿಮಾನಿಗಳು ನ್ಯಾಯಾಲಯಕ್ಕೂ ಹೋದರು. ಪ್ಯಾಕಿಯಾವ್ ಅವರಂಥ ಸಜ್ಜನ ಬಾಕ್ಸರ್ ಮಾತೂ ನೆಪದಂತೆ ಕೇಳಿಸಿತೆಂದರೆ, ಮಾತಿನ ಸತ್ಯಾಸತ್ಯಕ್ಕಿಂತ ಅದನ್ನು ಆಡಿದ ಸಮಯ ಹೆಚ್ಚು ಕೆಲಸ ಮಾಡುತ್ತದೆಂದು ಅರ್ಥ.

ಇದನ್ನು ಜಾರಿಗೆ ತರಲು ಒಂದು ಉಪಾಯವಿದೆ. ತೂಕ ನೋಡುವ ದಿನಕ್ಕೆ ಒಂದು ವಾರ ಮೊದಲು ಬಾಕ್ಸರ್ ಮತ್ತು ಕೋಚ್ ಕುಳಿತು, ದೇಹದಲ್ಲಿ ಮತ್ತು ತಯಾರಿಯಲ್ಲಿ ಏನೇನು ಸರಿಯಿಲ್ಲ ಎಂದು ಒಂದು ಹಾಳೆಯ ಮೇಲೆ ಬರೆಯಲಿ. ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ: ಇದಕ್ಕಾಗಿ ಪಂದ್ಯವನ್ನು ಮುಂದೂಡಬೇಕೇ, ಬೇಡವೇ? ಮುಂದೂಡಬೇಕೆಂದರೆ ಅಂದೇ ಆಯೋಜಕರಿಗೆ ತಿಳಿಸಬೇಕು. ಬೇಡವೆಂದರೆ ಆ ಸಾಲಿನ ಮೇಲೆ ಗೆರೆ ಎಳೆದು ಇಬ್ಬರೂ ಸಹಿ ಹಾಕಬೇಕು. ಅಲ್ಲಿಗೆ ಅದರ ಮಾತು ಮುಗಿಯಿತು. ಸಹಿ ಏಕೆ ಎಂದು ನಗಬಹುದು. ಸೋತ ರಾತ್ರಿ ನೆನಪು ತನಗೆ ಬೇಕಾದಂತೆ ಬಾಗುತ್ತದೆ, ಹಾಳೆಯ ಮೇಲಿನ ಸಹಿ ಬಾಗುವುದಿಲ್ಲ.

ಗಂಟೆ ಬಾರಿಸಿದ ಮೇಲಿನ ಹತ್ತು ನಿಮಿಷ

ಫಲಿತಾಂಶ ಘೋಷಣೆಯಾದ ಕೂಡಲೇ ಎದುರಾಳಿಯನ್ನು ಅಪ್ಪಿ, ಬಳಿಕ ಅವರ ತಂಡ ನಿಲ್ಲುವ ಎದುರಿನ ಕಾರ್ನರ್‌ಗೆ (ರಿಂಗ್‌ನ ಮೂಲೆಗೆ) ಹೋಗಿ ಅವರ ಕೋಚ್‌ನ ಕೈ ಕುಲುಕಿ. ಇದು ಶಿಷ್ಟಾಚಾರವೂ ಹೌದು, ಜೊತೆಗೆ ಅಷ್ಟು ದೂರ ನಡೆಯುವಷ್ಟರಲ್ಲಿ ಉಸಿರು ಒಂದಿಷ್ಟು ಹತೋಟಿಗೆ ಬರುತ್ತದೆ. ಆಮೇಲೆ ಮೈಕ್ ಎದುರಾಗುತ್ತದೆ. ನಾಕೌಟ್ ಆಗಿದ್ದರೆ ಅಥವಾ ಕಾದಾಟವನ್ನು ರೆಫರಿ ನಿಲ್ಲಿಸಿದ್ದರೆ ಮಾತಾಡಲೇಬೇಡಿ. ವೈದ್ಯರು ನೋಡುವವರೆಗೆ ಮೈಕ್ ಹತ್ತಿರ ಬರದಂತೆ ತಡೆಯುವುದು ಕೋಚ್‌ನ ಕೆಲಸ. ಏಟು ತಿಂದು ಎದ್ದ ಮನುಷ್ಯನ ಬಾಯಿಗೆ ಎರಡು ನಿಮಿಷದೊಳಗೆ ಮೈಕ್ ಹಿಡಿಯುವ ಪದ್ಧತಿಯನ್ನು ಈ ಕ್ರೀಡೆ ಇನ್ನೂ ಏಕೆ ಸಹಿಸಿಕೊಂಡಿದೆಯೋ ತಿಳಿಯದು.

ಮಾತಾಡಬಹುದಾದ ಸ್ಥಿತಿಯಿದ್ದರೆ ಮೂರು ವಾಕ್ಯ ಸಾಕು, ಮತ್ತು ಅವನ್ನು ಶಿಬಿರದಲ್ಲೇ ಬಾಯಿಗೆ ಹತ್ತುವಂತೆ ಹೇಳಿ ಅಭ್ಯಾಸ ಮಾಡಿರಬೇಕು. "ಇವತ್ತು ಅವರು ನನಗಿಂತ ಚೆನ್ನಾಗಿ ಆಡಿದರು. ಅವರ ಇಂಥ ಏಟಿಗೆ ನನ್ನ ಬಳಿ ಉತ್ತರವಿರಲಿಲ್ಲ. ಪಂದ್ಯವನ್ನು ನೋಡಿ ಆಮೇಲೆ ಮಾತಾಡುತ್ತೇನೆ." ಎರಡನೇ ವಾಕ್ಯವೇ ಇದರ ಜೀವಾಳ. ಎದುರಾಳಿ ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿದರೆ ಹೊಗಳಿಕೆ ಬಾಯಿಮಾತಾಗುವುದಿಲ್ಲ, ಮತ್ತು ಹೆಸರಿಸಲು ಯೋಚಿಸುವಾಗ ಮನಸ್ಸು ನೆಪದ ಕಡೆಗೆ ಹೋಗುವುದಿಲ್ಲ. "ಆದರೆ" ಎಂಬ ಪದದಿಂದ ವಾಕ್ಯ ಶುರುವಾದರೆ ಅಲ್ಲೇ ನಿಲ್ಲಿಸಿ.

ಇದು ಸ್ವಭಾವದ ಪ್ರಶ್ನೆಯಲ್ಲ ಎಂಬುದಕ್ಕೆ ಆಂಥೊನಿ ಜೋಶುವಾ ಅವರೇ ಸಾಕ್ಷಿ. 2019ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ಆ್ಯಂಡಿ ರುಯಿಜ್ ಜೂನಿಯರ್ ತಮ್ಮನ್ನು ಏಳನೇ ಸುತ್ತಿನಲ್ಲಿ ಸೋಲಿಸಿ ಜಗತ್ತನ್ನು ಬೆರಗಾಗಿಸಿದಾಗ, ಜೋಶುವಾ ಅಂದು ಗೆದ್ದವರನ್ನು ಅಭಿನಂದಿಸಿ ಸುಮ್ಮನಾದರು. 2022ರ ಆಗಸ್ಟ್ 20ರಂದು ಜೆಡ್ಡಾದಲ್ಲಿ ಒಲೆಕ್ಸಾಂಡರ್ ಉಸಿಕ್ ಎದುರು ವಿಭಜಿತ ತೀರ್ಪಿನಲ್ಲಿ (ಒಬ್ಬ ತೀರ್ಪುಗಾರರ ಲೆಕ್ಕದಲ್ಲಿ ಗೆದ್ದು, ಇಬ್ಬರ ಲೆಕ್ಕದಲ್ಲಿ) ಸೋತ ಅದೇ ಜೋಶುವಾ ಪ್ರಶಸ್ತಿಯ ಬೆಲ್ಟ್‌ಗಳನ್ನು ರಿಂಗ್‌ನಾಚೆ ಎಸೆದರು, ಹೊರಟು ಮತ್ತೆ ಹಿಂದಿರುಗಿದರು, ಮೈಕ್ ಹಿಡಿದು ತೋಚಿದ್ದನ್ನೆಲ್ಲ ಮಾತಾಡಿದರು. ಮನುಷ್ಯ ಒಬ್ಬರೇ, ಸೋಲು ಎರಡು ಬಗೆಯದು. ಏಳನೇ ಸುತ್ತಿನಲ್ಲಿ ಬಿದ್ದವರಿಗೆ ವಾದಿಸಲು ಏನೂ ಇರುವುದಿಲ್ಲ, ಕೂದಲೆಳೆಯಲ್ಲಿ ಸೋತವರಿಗೆ ಎಲ್ಲವೂ ಇರುತ್ತದೆ. ಹೀಗಾಗಿ ಅಭ್ಯಾಸ ಮಾಡಬೇಕಾದದ್ದು ಮುಖ್ಯವಾಗಿ ಅತ್ಯಲ್ಪ ಅಂತರದ ಸೋಲಿಗೆ.

ತಮಾಷೆ ಬಲ್ಲವರಿಗೆ ಮಾತು ಇನ್ನೂ ಹಗುರ. 1926ರಲ್ಲಿ ಫಿಲಡೆಲ್ಫಿಯಾದ ಮಳೆಯಲ್ಲಿ ಜೀನ್ ಟನ್ನಿಗೆ ಹೆವಿವೇಟ್ ಪಟ್ಟ ಬಿಟ್ಟುಕೊಟ್ಟ ಜ್ಯಾಕ್ ಡೆಂಪ್ಸಿ, ಏನಾಯಿತೆಂದು ಕೇಳಿದ ಪತ್ನಿಗೆ "ಬಗ್ಗುವುದನ್ನು ಮರೆತೆ, ಕಣೇ" ಎಂದರಂತೆ. 1981ರಲ್ಲಿ ಗುಂಡೇಟು ತಿಂದು ಆಸ್ಪತ್ರೆ ಸೇರಿದ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ತಮ್ಮ ಪತ್ನಿಗೆ ಹೇಳಿದ್ದೂ ಇದೇ ಮಾತನ್ನು.

ಡ್ರೆಸಿಂಗ್ ರೂಮಿನೊಳಗೆ

ನೆಪ ನಿಜವಾಗಿ ತಯಾರಾಗುವುದು ಇಲ್ಲಿ. ಬಾಕ್ಸರ್ ಬೆಂಚಿನ ಮೇಲೆ ಕೂತಿರುತ್ತಾರೆ. ಒಬ್ಬರು ಕತ್ತರಿ ಹಿಡಿದು ಮುಂಗೈಗೆ ಸುತ್ತಿದ ಬಟ್ಟೆ ಮತ್ತು ಟೇಪನ್ನು ಪದರ ಪದರವಾಗಿ ಕತ್ತರಿಸುತ್ತಿರುತ್ತಾರೆ. ಒಳಗೆ ಬಂದವರೆಲ್ಲ ಭುಜ ತಟ್ಟಿ ಒಂದೊಂದು ಮಾತು ಹಾಕಿ ಹೋಗುತ್ತಾರೆ. "ನನ್ನ ಲೆಕ್ಕದಲ್ಲಿ ನೀನೇ ಗೆದ್ದೆ." "ಅವನು ತಲೆಯಿಂದ ಗುದ್ದಿದ್ದನ್ನು ರೆಫರಿ ನೋಡಲೇ ಇಲ್ಲ." "ನಿನ್ನ ಕೈ ಮೊದಲಿನ ಹಾಗಿದ್ದಿದ್ದರೆ ನಾಲ್ಕನೇ ಸುತ್ತಿಗೇ ಮುಗಿಯುತ್ತಿತ್ತು." ಎರಡನೇ ಕೈಯ ಟೇಪು ಕತ್ತರಿಸಿ ಮುಗಿಯುವಷ್ಟರಲ್ಲಿ ಒಂದು ಪೂರ್ತಿ ಕಥೆ ಸಿದ್ಧವಾಗಿರುತ್ತದೆ, ಬಾಕ್ಸರ್ ಅದರಲ್ಲಿ ಒಂದು ವಾಕ್ಯವನ್ನೂ ಸ್ವತಃ ಆಡಿರುವುದಿಲ್ಲ. ಪ್ರೀತಿಯಿಂದಲೇ ಹೇಳಿದ ಮಾತುಗಳಾದ್ದರಿಂದ ಅವನ್ನು ತಳ್ಳಿಹಾಕುವುದೂ ಕಷ್ಟ.

ಕೋಚ್ ಆದವರು ಈ ಕೋಣೆಯ ಬಾಗಿಲನ್ನು ಅರ್ಧ ಗಂಟೆ ಮುಚ್ಚಿಡಬೇಕು. ಒಳಗಿರುವವರು ಮೂರೋ ನಾಲ್ಕೋ ಜನ ಮಾತ್ರ. ಪಂದ್ಯದ ವಿಶ್ಲೇಷಣೆ ಬೇಡ, ಸಮಾಧಾನದ ಸುಳ್ಳೂ ಬೇಡ. ನೀರು, ಮಂಜುಗಡ್ಡೆ, ವೈದ್ಯರ ಪರೀಕ್ಷೆ, ಮನೆಗೆ ಒಂದು ಫೋನ್. ತಂದೆತಾಯಿ ಮಕ್ಕಳ ಪಂದ್ಯ ನೋಡಲು ಬಂದಿದ್ದರೆ ಅವರಿಗೂ ಇದೇ ನಿಯಮ. ಎಳೆಯ ವಯಸ್ಸಿನಲ್ಲಿ ತೀರ್ಪುಗಾರರನ್ನು ಬೈಯುವುದನ್ನು ಮನೆಯಲ್ಲೇ ಕಲಿತ ಮಗು ಮುಂದೆ ಯಾವ ಕೋಚ್‌ಗೂ ಸುಲಭವಾಗಿ ತಿದ್ದಲು ಸಿಗುವುದಿಲ್ಲ.

2020ರ ಫೆಬ್ರುವರಿ 22ರಂದು ಟೈಸನ್ ಫ್ಯೂರಿ ಎದುರು ಏಳನೇ ಸುತ್ತಿನಲ್ಲಿ ಡಿಯಾಂಟೆ ವೈಲ್ಡರ್ ತತ್ತರಿಸುತ್ತಿದ್ದಾಗ, ಅವರ ಕಾರ್ನರ್‌ನಲ್ಲಿದ್ದ ಮಾರ್ಕ್ ಬ್ರೀಲ್ಯಾಂಡ್ ಟವೆಲ್ ಎಸೆದು ಕಾದಾಟ ನಿಲ್ಲಿಸಿದರು. ವೈಲ್ಡರ್ ಮೊದಲು ದೂರಿದ್ದು ರಿಂಗ್‌ಗೆ ನಡೆದು ಬರುವಾಗ ತೊಟ್ಟಿದ್ದ 40 ಪೌಂಡ್‌ಗೂ ಮೀರಿದ ಉಡುಪನ್ನು, ಅದರಿಂದ ಕಾಲಿನ ಶಕ್ತಿ ಹೋಯಿತೆಂದು. ಬಳಿಕ ಕುಡಿಯುವ ನೀರಿನ ಬಗ್ಗೆ, ಎದುರಾಳಿಯ ಗ್ಲೌಸ್ ಬಗ್ಗೆ ಆರೋಪಗಳು ಬಂದವು. ಬ್ರೀಲ್ಯಾಂಡ್ ಕೆಲಸ ಕಳೆದುಕೊಂಡರು. ನನ್ನ ದೃಷ್ಟಿಯಲ್ಲಿ ಆ ರಾತ್ರಿ ವೈಲ್ಡರ್ ಪರವಾಗಿ ನಡೆದ ಅತ್ಯುತ್ತಮ ಕೆಲಸವೇ ಆ ಟವೆಲ್. 2021ರ ಅಕ್ಟೋಬರ್ 9ರಂದು ಅವರು ಮತ್ತೆ ಫ್ಯೂರಿ ಎದುರಿಗೆ ನಿಂತು, ಧೈರ್ಯದಿಂದ ಕಾದಾಡಿ, ಹನ್ನೊಂದನೇ ಸುತ್ತಿನಲ್ಲಿ ನಾಕೌಟ್ ಆದರು. ಭಾರದ ಉಡುಪು ಅಂದು ಇರಲಿಲ್ಲ.

ವಿಡಿಯೊ ನೋಡುವ ಕ್ರಮ

ನಾಕೌಟ್ ಆದವರಿಗೆ ನಿಯಂತ್ರಣ ಸಂಸ್ಥೆಗಳು ಸಾಮಾನ್ಯವಾಗಿ ಕನಿಷ್ಠ 30 ದಿನ ಸ್ಪಾರಿಂಗ್‌ಗೂ ಪಂದ್ಯಕ್ಕೂ ತಡೆ ಹಾಕುತ್ತವೆ. ಆ ಬಿಡುವನ್ನು ಬಳಸಿಕೊಳ್ಳಿ. ಮೊದಲ ವಾರ ವಿಡಿಯೊ ಮುಟ್ಟಬೇಡಿ. ಆಮೇಲೆ ನೋಡುವಾಗ ಧ್ವನಿ ಪೂರ್ತಿ ತೆಗೆದು ನೋಡಿ, ವೀಕ್ಷಕ ವಿವರಣೆಗಾರರ ಮಾತಿನಲ್ಲೂ ಒಂದು ಕಥೆಯಿರುತ್ತದೆ. ಮೊದಲ ಸಲ ಎದುರಾಳಿಯನ್ನು ಮಾತ್ರ ನೋಡಿ, ಅವರ ಏಟುಗಳಲ್ಲಿ ಪದೇ ಪದೇ ತಗುಲಿದ್ದು ಯಾವುದು ಎಂದು ಬರೆದುಕೊಳ್ಳಿ. ಎರಡನೇ ಸಲ, ಆ ಏಟು ತಗುಲುವುದಕ್ಕೆ ಒಂದು ಸೆಕೆಂಡ್ ಮೊದಲು ನಿಮ್ಮ ಕೈ ಮತ್ತು ಕಾಲು ಎಲ್ಲಿದ್ದವು ಎಂದು ನೋಡಿ. ಬಹುತೇಕ ಸೋಲುಗಳಲ್ಲಿ ದೊಡ್ಡ ರಹಸ್ಯವೇನೂ ಇರುವುದಿಲ್ಲ, ಒಂದೇ ತಪ್ಪು ಇಪ್ಪತ್ತು ಸಲ ನಡೆದಿರುತ್ತದೆ.

1936ರಲ್ಲಿ ಅಜೇಯರಾಗಿದ್ದ ಜೋ ಲೂಯಿಸ್ ಅವರನ್ನು ಮ್ಯಾಕ್ಸ್ ಷ್ಮೆಲಿಂಗ್ ಹನ್ನೆರಡನೇ ಸುತ್ತಿನಲ್ಲಿ ಕೆಡವಿದ್ದು ಹೀಗೆಯೇ. ಜ್ಯಾಬ್ ಹೊಡೆದ ಮೇಲೆ ಲೂಯಿಸ್ ಎಡಗೈಯನ್ನು ಕೆಳಗೆ ಬಿಡುವುದನ್ನು ಷ್ಮೆಲಿಂಗ್ ಮೊದಲೇ ಗುರುತಿಸಿದ್ದರು, ಆ ಸಂದಿಯಲ್ಲಿ ಬಲಗೈ ತೂರಿಸುತ್ತಲೇ ಹೋದರು. ಲೂಯಿಸ್‌ಗೆ ಯಾರೋ ಮದ್ದು ಹಾಕಿದ್ದರೆಂಬ ಗಾಳಿಸುದ್ದಿ ಎದ್ದಿತ್ತು. ಅದನ್ನು ನಂಬಿ ಕೂತಿದ್ದರೆ ಕೈ ಕೆಳಗೇ ಉಳಿಯುತ್ತಿತ್ತು. 1938ರ ಜೂನ್ 22ರ ಮರುಪಂದ್ಯವನ್ನು ಲೂಯಿಸ್ ಮೊದಲ ಸುತ್ತಿನಲ್ಲೇ, ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದರು.

ಅಹಂಕಾರವನ್ನು ಇನ್ನೂ ದೂರ ತಳ್ಳಿದವರು ಲೆನಾಕ್ಸ್ ಲೂಯಿಸ್. 1994ರಲ್ಲಿ ವೆಂಬ್ಲಿಯಲ್ಲಿ ಆಲಿವರ್ ಮೆಕಾಲ್ ಎದುರು ಎರಡನೇ ಸುತ್ತಿನಲ್ಲಿ ಸೋತಾಗ ರೆಫರಿ ಬೇಗ ನಿಲ್ಲಿಸಿದರೆಂದು ಅವರೂ ಗೊಣಗಿದ್ದುಂಟು. ಆದರೆ ಗೊಣಗಿ ಸುಮ್ಮನೆ ಕೂರಲಿಲ್ಲ; ಮೆಕಾಲ್ ಅವರನ್ನು ಆ ಪಂದ್ಯಕ್ಕೆ ಸಜ್ಜುಗೊಳಿಸಿದ್ದ ಇಮ್ಯಾನುಯೆಲ್ ಸ್ಟೀವರ್ಡ್ ಅವರನ್ನೇ ತಮ್ಮ ಕೋಚ್ ಆಗಿ ನೇಮಿಸಿಕೊಂಡರು. ನನ್ನನ್ನು ಸೋಲಿಸುವ ದಾರಿ ನಿಮಗೆ ಗೊತ್ತಿದೆ, ಆ ದಾರಿಯನ್ನು ಮುಚ್ಚಿಕೊಡಿ ಎಂದಂತಾಯಿತು. ಬಾಯಿಂದ ಆಡಿದ ಒಪ್ಪಿಗೆಗಿಂತ ಇದು ದೊಡ್ಡ ಒಪ್ಪಿಗೆ ಎಂದು ನನ್ನ ಎಣಿಕೆ.

ನಿಜವಾಗಿಯೂ ಅನ್ಯಾಯವಾಗಿದ್ದರೆ

ಅನ್ಯಾಯಗಳು ಆಗುತ್ತವೆ, ಸೋತವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕೆಂಬುದು ಈ ಕೈಪಿಡಿಯ ಬೋಧನೆಯಲ್ಲ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ರಾಯ್ ಜೋನ್ಸ್ 86 ಏಟು ತಗುಲಿಸಿದರೆ, ದಕ್ಷಿಣ ಕೊರಿಯಾದ ಪಾರ್ಕ್ ಸಿ-ಹುನ್ ತಗುಲಿಸಿದ್ದು 32; ಚಿನ್ನ ಪಾರ್ಕ್‌ಗೆ ಹೋಯಿತು. ಆ ಕೂಟದ ಶ್ರೇಷ್ಠ ಬಾಕ್ಸರ್‌ಗೆ ಕೊಡುವ ವ್ಯಾಲ್ ಬಾರ್ಕರ್ ಟ್ರೋಫಿ ಜೋನ್ಸ್‌ಗೇ ಬಂದದ್ದು ವಿಚಿತ್ರ. 1992ರ ಹೊತ್ತಿಗೆ ಒಲಿಂಪಿಕ್ಸ್‌ನಲ್ಲಿ ಗುಂಡಿ ಒತ್ತಿ ಅಂಕ ನೀಡುವ ವಿದ್ಯುನ್ಮಾನ ಪದ್ಧತಿ ಬಂತು. 2016ರ ರಿಯೊ ಕೂಟದ ತೀರ್ಪುಗಳ ಬಗ್ಗೆ ಎದ್ದ ಗದ್ದಲಕ್ಕೂ ಬುಡವಿತ್ತೆಂದು 2021ರಲ್ಲಿ ಹೊರಬಂದ ಸ್ವತಂತ್ರ ತನಿಖಾ ವರದಿ ಹೇಳಿತು.

ದೂರು ಕೊಡುವ ಮೊದಲು ಅಂಕಪಟ್ಟಿಯನ್ನು ಸುತ್ತುವಾರು ಓದಿ. ಹನ್ನೆರಡು ಸುತ್ತಿನ ಪಂದ್ಯದಲ್ಲಿ, ಸುತ್ತು ಗೆದ್ದವರಿಗೆ 10, ಸೋತವರಿಗೆ 9 ಎಂಬ ಲೆಕ್ಕದಲ್ಲಿ 115–113 ಎಂದರೆ ಏಳು ಸುತ್ತು ಅವರದು, ಐದು ನಿಮ್ಮದು. ಒಂದೇ ಒಂದು ಸುತ್ತು ಆಚೀಚೆಯಾದರೆ 114–114 ಆಗುತ್ತಿತ್ತು. ಹೀಗಿರುವಾಗ ಎಲ್ಲ ತೀರ್ಪುಗಾರರೂ ಮೋಸಗಾರರೆಂದು ಕೂಗುವುದಕ್ಕಿಂತ, ಯಾವ ಸುತ್ತನ್ನು ನೀವು ಸ್ಪಷ್ಟವಾಗಿ ಗೆಲ್ಲದೆ ಅವರ ಅಭಿಪ್ರಾಯಕ್ಕೆ ಬಿಟ್ಟಿರಿ ಎಂದು ಹುಡುಕುವುದು ಮೇಲು. ಅಷ್ಟಾದ ಮೇಲೂ ದೂರು ನಿಲ್ಲುವಂತಿದ್ದರೆ ನಿಗದಿತ ಅವಧಿಯೊಳಗೆ, ಲಿಖಿತವಾಗಿ, ನಿಯಮದ ಸಂಖ್ಯೆ ಮತ್ತು ವಿಡಿಯೊದ ಸಮಯ ನಮೂದಿಸಿ ಸಲ್ಲಿಸಿ. ಬಹಿರಂಗವಾಗಿ ಒಂದೇ ಸಲ ಮಾತಾಡಿ. ಎದುರಾಳಿಯನ್ನು ಅದರೊಳಗೆ ಎಳೆಯಬೇಡಿ. ಅಂಕ ಬರೆದವರು ಅವರಲ್ಲ.

ಮರುಪಂದ್ಯದ ಮಾತು

ಸೋತ ರಾತ್ರಿಯೇ ಮರುಪಂದ್ಯ ಕೇಳುವುದೂ ನೆಪದ ಇನ್ನೊಂದು ರೂಪ. ಇವತ್ತಿನದು ಲೆಕ್ಕಕ್ಕಿಲ್ಲ ಎಂದು ಹೇಳಿದಂತೆಯೇ ಅದು ಕೇಳಿಸುತ್ತದೆ. ಒಪ್ಪಂದದಲ್ಲಿ ಆ ಷರತ್ತಿದ್ದರೆ ಅದು ತಾನಾಗಿಯೇ ಜಾರಿಗೆ ಬರುತ್ತದೆ, ಇಲ್ಲದಿದ್ದರೆ ವಿಡಿಯೊದಲ್ಲಿ ಕಂಡ ತಪ್ಪು ಸ್ಪಾರಿಂಗ್‌ನಲ್ಲಿ ತಿದ್ದಿಕೊಂಡಿತೆಂದು ಕೋಚ್ ಹೇಳುವವರೆಗೆ ಕಾಯಿರಿ.

ಗೆದ್ದವರೂ ಇಲ್ಲಿ ಎಡವುವುದುಂಟು. ಜೋಶುವಾ ಅವರನ್ನು ಕೆಡವಿದ ರುಯಿಜ್ ಮೊದಲ ಪಂದ್ಯದಲ್ಲಿ 268 ಪೌಂಡ್ ತೂಗಿದ್ದರು. ಅದೇ ವರ್ಷದ ಡಿಸೆಂಬರ್ 7ರಂದು ಸೌದಿ ಅರೇಬಿಯಾದ ದಿರಿಯಾದಲ್ಲಿ ನಡೆದ ಮರುಪಂದ್ಯಕ್ಕೆ ಬಂದಾಗ 283 ಪೌಂಡ್ ದಾಟಿದ್ದರು ಮತ್ತು ಅಂಕಗಳ ಮೇಲೆ ಸೋತರು. ಮೂರು ತಿಂಗಳ ಮೋಜು ತನಗೆ ಮುಳುವಾಯಿತೆಂದು ಅವರು ಹೇಳಿದ್ದನ್ನು ಕೆಲವರು ನೆಪವೆಂದರು. ನಾನು ಹಾಗೆನ್ನಲಾರೆ. ಬೊಟ್ಟು ಮಾಡಿದ್ದು ತಮ್ಮ ಕಡೆಗೇ, ಮತ್ತು ಹೇಳಿದ್ದು ತಮ್ಮ ಕೈಯಲ್ಲೇ ತಿದ್ದಿಕೊಳ್ಳಬಹುದಾದ ಸಂಗತಿಯನ್ನು.

ಜಾರ್ಜ್ ಫೋರ್‌ಮನ್‌ಗೆ ಇದಕ್ಕೆ ವರ್ಷಗಳೇ ಹಿಡಿದವು. 1974ರ ಅಕ್ಟೋಬರ್ 30ರಂದು ಕಿನ್‌ಶಾಸಾದಲ್ಲಿ ಮುಹಮ್ಮದ್ ಅಲಿ ಎಂಟನೇ ಸುತ್ತಿನಲ್ಲಿ ಅವರನ್ನು ಕೆಡವಿದ ಮೇಲೆ, ರಿಂಗ್‌ನ ಹಗ್ಗ ಸಡಿಲವಾಗಿತ್ತು, ರೆಫರಿ ಬೇಗ ಎಣಿಸಿದರು, ನೀರಿನಲ್ಲಿ ಏನೋ ಬೆರೆಸಿದ್ದರು ಎಂದೆಲ್ಲ ಫೋರ್‌ಮನ್ ದೂರಿದ್ದರು. ಕಾಲ ಕಳೆದಂತೆ ಆ ದೂರುಗಳನ್ನು ಕೈಬಿಟ್ಟು, ಅಲಿ ತನ್ನನ್ನು ನ್ಯಾಯವಾಗಿಯೇ ಸೋಲಿಸಿದರೆಂದು ಒಪ್ಪಿ, ಅವರ ಆಪ್ತ ಗೆಳೆಯರಾದರು. 1994ರ ನವೆಂಬರ್‌ನಲ್ಲಿ, 45ನೇ ವಯಸ್ಸಿನಲ್ಲಿ, ಮೈಕಲ್ ಮೂರರ್ ಅವರನ್ನು ಹತ್ತನೇ ಸುತ್ತಿನಲ್ಲಿ ನಾಕೌಟ್ ಮಾಡಿ ಮತ್ತೆ ಹೆವಿವೇಟ್ ಪಟ್ಟಕ್ಕೇರಿದಾಗ ಅವರು ರಿಂಗ್‌ಗೆ ತೊಟ್ಟು ಬಂದದ್ದು ಕಿನ್‌ಶಾಸಾದಲ್ಲಿ ಸೋತ ದಿನ ತೊಟ್ಟಿದ್ದ ಅದೇ ಕೆಂಪು ಚಡ್ಡಿಯನ್ನು.